ಮಳೆ ಬಂದ್ರೆ ಮಾತ್ರ ಮಿಸ್ಸಿಂಗ್ ಹೊಡಿಯೋ ಹಳೇ ಕಾರು: ನೀರು ಎಲ್ಲಿಂದ ಇಳೀತಿದೆ ಅಂತ ಹುಡುಕಿ ಸರಿ ಮಾಡೋದು ಹೇಗೆ

ಬಿಸಿಲಲ್ಲಿ ಒಂದು ತಕರಾರೂ ಇಲ್ದೆ ಓಡೋ ಹಳೇ ಗಾಡಿ, ರಾತ್ರಿ ಜೋರು ಮಳೆ ಬಿತ್ತು ಅಂದ್ರೆ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆದ್ರೂ ಮಿಸ್ಸಿಂಗ್ ಹೊಡೀತಾ, ಅಂದ್ರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ, ಗಡಗಡ ಅಲ್ಲಾಡತ್ತೆ, ಪಿಕಪ್ ಇರಲ್ಲ, ಚೆಕ್ ಇಂಜಿನ್ ಲೈಟ್ ಬರತ್ತೆ, ಆಮೇಲೆ ಮಧ್ಯಾಹ್ನ ಒಂದೆರಡು ಗಂಟೆ ಬಿಸಿಲು ಬಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸರಿಹೋಗತ್ತೆ. ಗ್ಯಾರೇಜಿಗೆ ತಗೊಂಡು ಹೋಗೋ ಹೊತ್ತಿಗೆ ಎಲ್ಲಾ ಒಣಗಿರತ್ತೆ, ಅವ್ರು ನೋಡಿ ಏನೂ ಇಲ್ವಲ್ಲ ಅಂತಾರೆ, ಇಲ್ಲಾ ಅಂದಾಜಲ್ಲಿ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಹಾರಿಸೋ ಕರೆಂಟ್ ಕೊಡೋ ಪಾರ್ಟು) ಬದಲಿಸಿ ಕಳಿಸ್ತಾರೆ.

ನನ್ನ ಗಾಡೀಲಿ ಹೀಗೇ ಆಗಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಕಾಯಿಲ್ ಹಾಕಿಸಿದೆ, ಪ್ಲಗ್ ಪೂರ್ತಿ ಸೆಟ್ ಬದಲಿಸಿದೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಕೊನೆಗೊಂದು ದಿನ ಮಳೆ ನಿಂತ ತಕ್ಷಣ ನಾನೇ ಮೂರನೇ ಸಿಲಿಂಡರ್ ಕಾಯಿಲ್ ಎಳೆದು ಒಳಗೆ ಟಾರ್ಚ್ ಬಿಟ್ಟೆ, ಬೆಳಕು ವಾಪಸ್ ಹೊಳೀತು, ಪ್ಲಗ್ ಕೂತಿರೋ ಗುಂಡಿ ತುಂಬಾ ನೀರು. ಬಾನೆಟ್ ಹಿಂಭಾಗದ ರಬ್ಬರ್ ಒಂದು ಗೇಣಿನಷ್ಟು ಕ್ಲಿಪ್‌ನಿಂದ ಕಳಚಿಕೊಂಡಿತ್ತು, ಗ್ಲಾಸಿಂದ ಇಳಿಯೋ ನೀರು ಅಲ್ಲಿಂದ ನೇರ ಇಂಜಿನ್ ಮೇಲೆ ಬೀಳ್ತಿತ್ತು. ರಬ್ಬರ್ ಮತ್ತೆ ನಾಲ್ಕು ಕ್ಲಿಪ್ ಹಾಕಿದ ಮೇಲೆ ಆ ಕಾಯಿಲ್ ಇವತ್ತಿಗೂ ನಡೀತಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಕಾಯಿಲ್ ಬದಲಿಸೋದು ಅದೇ ಆಗಿತ್ತು. ಅದಕ್ಕೇ ಮೊದಲು ನೀರಿನ ದಾರಿ ಹುಡುಕಿ, ಪಾರ್ಟ್ ಆಮೇಲೆ.

ಕೈ ಹಾಕೋ ಮುಂಚೆ

ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಫಿಲ್ಟರ್ ತೊಟ್ಟಿಕ್ಕೋ ಅಷ್ಟು ನೆಂದಿದ್ರೆ ಅಥವಾ ಡಬ್ಬೀಲಿ ನೀರು ನಿಂತಿದ್ರೆ ಸೆಲ್ಫ್ ಹೊಡೀಲೇಬೇಡಿ. ಗಾಳಿ ಕುಗ್ಗತ್ತೆ, ನೀರು ಕುಗ್ಗಲ್ಲ, ಸಿಲಿಂಡರ್ ಒಳಗೆ ನೀರು ಇದ್ದು ಪಿಸ್ಟನ್ ಮೇಲಕ್ಕೆ ಬಂದ್ರೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ಆಮೇಲೆ ಇಂಜಿನ್ನೇ ಬಿಚ್ಚಬೇಕು. ಅಂಥ ಅನುಮಾನ ಇದ್ರೆ ಎಲ್ಲಾ ಪ್ಲಗ್ ಬಿಚ್ಚಿ (ಪ್ಲಗ್ ಗುಂಡೀಲೂ ನೀರಿದ್ರೆ ಕೆಳಗೆ ಹೇಳಿರೋ ಥರ ಮೊದಲು ಅದನ್ನ ತೆಗೆದು), ಕ್ರ್ಯಾಂಕ್ ಪುಲ್ಲಿ, ಅಂದ್ರೆ ಇಂಜಿನ್ ಬೆಲ್ಟ್ ತಿರುಗಿಸೋ ಕೆಳಗಿನ ಚಕ್ರದ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ಎರಡು ಸುತ್ತು ತಿರುಗಿಸಿ, ನೀರು ಪ್ಲಗ್ ತೂತಿಂದ ಹೊರಗೆ ಬರಲಿ.

ಆಮೇಲೆ ನೀವು ನೋಡ್ತಿರೋದು ಮಳೆ ನೀರೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಕೂಲಂಟ್ ಆದ್ರೆ ಬಣ್ಣ ಇರತ್ತೆ, ಬೆರಳಿಗೆ ಜಿಡ್ಡುಜಿಡ್ಡು, ಸಿಹಿ ವಾಸನೆ. ಎಸಿ ನೀರು ಶುಭ್ರವಾಗಿರತ್ತೆ ಆದ್ರೆ ಮಳೆ ಇಲ್ದೇ ಇದ್ರೂ ಎಸಿ ಓಡಿಸಿದ ದಿನ ಕಾಲಿನ ಹತ್ರ ಬರತ್ತೆ, ಅದರ ಡ್ರೈನ್ ಪೈಪ್ ಕಟ್ಟಿದೆ ಅಂತ ಅರ್ಥ. ಪ್ಲಗ್ ಗುಂಡೀಲಿ ಆಯಿಲ್ ಇದ್ರೆ ಅದು ವಾಲ್ವ್ ಕವರ್ ಸೀಲಿನ ತೊಂದರೆ, ಮಳೆಗೂ ಅದಕ್ಕೂ ಸಂಬಂಧ ಇಲ್ಲ.

ವೈರಿಂಗ್ ಕನೆಕ್ಟರ್ ಬಿಚ್ಚೋ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ, ಸ್ಟೀರಿಯೋಗೆ ಕೋಡ್ ಇದ್ರೆ ಮೊದಲೇ ಬರೆದಿಟ್ಕೊಳ್ಳಿ. ಸೀಟ್ ಕೆಳಗೆ ಹಳದಿ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗ್ ಲೈನು, ಅದಕ್ಕೆ ಮೀಟರ್ ಚುಚ್ಚಬೇಡಿ.

ಗಾಡಿ ಏನು ಹೇಳ್ತಿದೆ ಅಂತ ಗಮನಿಸಿ

ತೊಂದರೆ ಯಾವಾಗ ಬರತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರತ್ತೆ. ಮಳೇಲಿ ಓಡಿಸುವಾಗ ಮಾತ್ರ ಬರತ್ತೆ, ನಿಲ್ಸಿದ್ದಾಗ ನೆಂದ್ರೆ ಏನೂ ಆಗಲ್ಲ ಅಂದ್ರೆ ಕೆಳಗಿಂದ ಚಕ್ರ ಎರಚೋ ನೀರಿನ ಮೇಲೆ ಅನುಮಾನ ಪಡಿ, ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಅಥವಾ ಇಂಜಿನ್ ಕೆಳಗಿನ ಶೀಲ್ಡ್ ಕಿತ್ತು ಹೋಗಿರಬಹುದು. ರಾತ್ರಿ ನಿಂತಿದ್ದು ಬೆಳಿಗ್ಗೆ ಮಾತ್ರ ತೊಂದರೆ ಅಂದ್ರೆ ಮೇಲಿಂದ ಇಳಿದು ಎಲ್ಲೋ ತುಂಬ್ಕೊಳ್ತಿದೆ. ತಿರುವಲ್ಲಿ ಅಥವಾ ಬ್ರೇಕ್ ಹಾಕಿದಾಗ ಬುಳುಬುಳು ಸದ್ದು ಬಂದು ಆಮೇಲೆ ಇಂಜಿನ್ ಆಫ್ ಆಗತ್ತೆ ಅಂದ್ರೆ ನಿಂತ ನೀರು ತುಳುಕಿ ಯಾವುದೋ ಕನೆಕ್ಟರ್ ಮೇಲೆ ಬೀಳ್ತಿದೆ. ಗಾಡಿ ಇಳಿಜಾರಲ್ಲಿ ಮೂತಿ ಕೆಳಗೆ ಮಾಡಿ ನಿಲ್ಸಿದಾಗ ಮಾತ್ರ ಆಗತ್ತಾ, ಸಮತಟ್ಟಲ್ಲಿ ಆಗಲ್ವಾ ಅನ್ನೋದನ್ನೂ ನೋಡಿ, ಎಷ್ಟೋ ಡ್ರೈನ್‌ಗಳು ಸಮತಟ್ಟಾಗಿದ್ದಾಗ ಮಾತ್ರ ಸರಿಯಾಗಿ ಹರಿಯತ್ತೆ.

ಗಾಡಿಗೆ ಓಬಿಡಿ2 ಪೋರ್ಟ್, ಅಂದ್ರೆ ಇಂಜಿನ್ ಕಂಪ್ಯೂಟರ್ ದಾಖಲಿಸಿದ ತಪ್ಪಿನ ಕೋಡ್ ಓದೋ ಸಾಕೆಟ್, ಇದ್ರೆ ಒಂದು ಸಣ್ಣ ಸ್ಕ್ಯಾನರ್ ತುಂಬಾ ಉಪಯೋಗ. ಪಿ0301 ಅಂದ್ರೆ ಒಂದನೇ ಸಿಲಿಂಡರ್ ಮಿಸ್ ಆಗ್ತಿದೆ, ಪಿ0302 ಎರಡನೇದು, ಹೀಗೇ ಮುಂದಕ್ಕೆ. ಯಾವಾಗ್ಲೂ ಒಂದೇ ಸಿಲಿಂಡರ್ ಬಂದ್ರೆ ಆ ಗುಂಡೀಗೇ ನೀರು ಬೀಳ್ತಿರಬಹುದು. ಪಿ0300 ಅಂದ್ರೆ ಎಲ್ಲೆಲ್ಲೋ ಮಿಸ್, ಆಗ ಎಲ್ಲಾ ಸಿಲಿಂಡರ್‌ಗೂ ಸೇರಿದ ಜಾಗ ನೋಡಿ, ಅಂದ್ರೆ ಅರ್ಥಿಂಗ್, ರಿಲೇ, ಡಿಸ್ಟ್ರಿಬ್ಯೂಟರ್ (ಹಳೇ ಗಾಡೀಲಿ ಒಂದೇ ಕಾಯಿಲ್ ಕರೆಂಟನ್ನ ಎಲ್ಲಾ ಪ್ಲಗ್ಗಿಗೆ ಹಂಚೋ ಪಾರ್ಟು), ಇಂಧನ. ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ಕೋಡ್ ಒಟ್ಟಿಗೆ ಬಂದ್ರೆ ಫ್ಯೂಸ್ ಬಾಕ್ಸ್ ಅಥವಾ ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರ್ ನೆಂದಿರೋ ಸಾಧ್ಯತೆ ಜಾಸ್ತಿ. ಚೆಕ್ ಇಂಜಿನ್ ಲೈಟ್ ಮಿಣಮಿಣ ಮಿನುಗ್ತಾ ಇದ್ರೆ ಓಡಿಸಬೇಡಿ, ಸುಡದೇ ಇರೋ ಪೆಟ್ರೋಲ್ ಸೈಲೆನ್ಸರ್ ಲೈನಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸಿಬಿಡತ್ತೆ.

ನೀರು ಬಿಟ್ಟು ನೋಡೋ ಪರೀಕ್ಷೆ

ಮಳೆಗೆ ಕಾಯೋದು ಬೇಡ, ನಾವೇ ಮಳೆ ಮಾಡೋಣ. ಪೈಪಿಗೆ ನಾಜಲ್ ಹಾಕಬೇಡಿ, ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ, ಅದು ಸರಿಯಾಗಿರೋ ಸೀಲ್ ಒಳಗೂ ನೀರು ನುಗ್ಗಿಸತ್ತೆ, ಆಗ ಪರೀಕ್ಷೆಗೆ ಅರ್ಥ ಇರಲ್ಲ. ಇಂಜಿನ್ ತಣ್ಣಗಿರಬೇಕು. ಮೊದಲು ಎಲ್ಲಾ ಒರೆಸಿ ಒಣಗಿಸಿ, ಅನುಮಾನ ಇರೋ ಜಾಗಕ್ಕೆಲ್ಲ ಸೀಮೆಸುಣ್ಣದ ಪುಡಿನೋ ಟಾಲ್ಕಂ ಪೌಡರೋ ಉದುರಿಸಿ, ನೀರು ಹರಿದ ಕಡೆ ಗೆರೆ ಬೀಳತ್ತೆ. ಇಂಜಿನ್ ಮೇಲೆ ನ್ಯೂಸ್‌ಪೇಪರ್ ಹಾಸಿ ಬಾನೆಟ್ ಮುಚ್ಚಿ.

ನೀರು ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಇದು ಮುಖ್ಯ, ಯಾಕಂದ್ರೆ ಮೊದಲೇ ಟಾಪ್ ಮೇಲೆ ಸುರಿದ್ರೆ ಎಲ್ಲಾ ಕಡೆ ಹರಿದು ಯಾವ ಜಾಗದಿಂದ ಬಂತು ಅಂತ ಗೊತ್ತಾಗಲ್ಲ. ಮೊದಲು ಗ್ಲಾಸಿನ ಬುಡಕ್ಕೆ ಮೂರು ನಿಮಿಷ, ನಿಲ್ಲಿಸಿ, ಬಾನೆಟ್ ತೆಗೆದು ಪೇಪರ್ ಎಲ್ಲಿ ನೆಂದಿದೆ ನೋಡಿ. ಆಮೇಲೆ ಗ್ಲಾಸಿನ ಎರಡು ಬದಿ, ಆಮೇಲೆ ಮೇಲಂಚು, ಕೊನೆಗೆ ಟಾಪು, ಸನ್‌ರೂಫ್ ಇದ್ರೆ ಅದು. ಒಬ್ರು ಒಳಗೆ ಕೂತು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡ್ಕೊಂಡು ನೋಡ್ತಿರಲಿ. ಒಂದೊಂದು ಜಾಗಕ್ಕೂ ಸಮಯ ಕೊಡಿ, ಅವಸರ ಮಾಡಿದ್ರೆ ತಪ್ಪು ಜಾಗಕ್ಕೆ ಸೀಲಂಟ್ ಬಳೀತೀರ. ನೀರು ತೊಟ್ಟಿಕ್ಕೋ ಜಾಗ ಬೇರೆ, ಒಳಗೆ ಬರೋ ಜಾಗ ಬೇರೆ, ವೈರ್ ಮೇಲೆ, ತಗಡಿನ ಮಡಿಕೆ ಮೇಲೆ ಹರಿದು ಮೊಳದುದ್ದ ದೂರ ಹೋಗಿ ಬಿದ್ದಿರತ್ತೆ.

ಗ್ಲಾಸಿನ ಬುಡ, ಅಂದ್ರೆ ಕೌಲ್

ವೈಪರ್ ಕೆಳಗೆ ಇರೋ ಕಪ್ಪು ಪ್ಲಾಸ್ಟಿಕ್ ಪ್ಯಾನೆಲ್ಲಿಗೆ ಕೌಲ್ ಅಂತಾರೆ. ಗ್ಲಾಸಿನ ಮೇಲೆ ಬಿದ್ದ ಮಳೆ ಎಲ್ಲಾ ಇದರ ಕೆಳಗಿರೋ ತೊಟ್ಟಿಗೆ ಬರತ್ತೆ, ಅಲ್ಲಿಂದ ಎರಡು ಬದಿಯ ಡ್ರೈನ್ ಮೂಲಕ ಚಕ್ರದ ಹಿಂದೆ ನೆಲಕ್ಕೆ ಹೋಗ್ಬೇಕು. ಮರದ ಕೆಳಗೆ ನಿಲ್ಸೋ ಗಾಡಿ ಆದ್ರೆ ಎಲೆ, ಹೂವು, ಮಣ್ಣು ಸೇರಿ ಗೊಬ್ಬರ ಆಗಿ ಆ ಡ್ರೈನ್ ಕಟ್ಟತ್ತೆ, ತೊಟ್ಟಿ ತುಂಬತ್ತೆ, ತುಂಬಿದ ನೀರು ಬ್ಲೋವರ್ ಗಾಳಿ ಬರೋ ತೂತಿಂದ ಕ್ಯಾಬಿನ್ ಒಳಗೋ ಇಂಜಿನ್ ಕಡೆಗೋ ಉಕ್ಕತ್ತೆ. ಕೆಲವು ಗಾಡೀಲಿ ಇಂಜಿನ್ ಕಂಪ್ಯೂಟರ್ರೇ ಅದೇ ತೊಟ್ಟೀಲಿ ಕೂತಿರತ್ತೆ, 1996ರಿಂದ 2005ರವರೆಗೆ ಬಂದ ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಪಸಾಟ್ ಹಾಗೇ, ಅಲ್ಲಿ ಇಸಿಯು ಒಂದು ಮುಚ್ಚಳದ ಪೆಟ್ಟಿಗೆ ಒಳಗೆ ಇದೇ ಜಾಗದಲ್ಲಿ ಇರತ್ತೆ, ಡ್ರೈನ್ ಕಟ್ಟಿದ್ರೆ ನೀರು ಅದರ ಮಟ್ಟಕ್ಕೆ ಏರತ್ತೆ.

ವೈಪರ್ ತೋಳು ಇರೋ ಜಾಗ ಗ್ಲಾಸ್ ಮೇಲೆ ಟೇಪ್ ಹಚ್ಚಿ ಗುರುತು ಮಾಡ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಹಾಕುವಾಗ ಅಂದಾಜಾಗಲ್ಲ. ನಟ್ ಬಿಚ್ಚಿ, ತೋಳು ಕಚ್ಕೊಂಡಿದ್ರೆ ಬಲವಂತ ಮಾಡಿ ಮೀಟಬೇಡಿ, ಸ್ವಲ್ಪ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಹತ್ತು ನಿಮಿಷ ಬಿಟ್ಟು ಅಲ್ಲಾಡಿಸಿ, ಇಲ್ಲಾ ಪುಲ್ಲರ್ ಹಾಕಿ. ಕೌಲ್ ಪ್ಯಾನೆಲ್ ಹಳೇದಾಗಿದ್ರೆ ಹಪ್ಪಳದ ಥರ ಮುರಿಯತ್ತೆ, ಚಳಿ ಹೊತ್ತಲ್ಲಿ ಬಿಚ್ಚಬೇಡಿ, ಕ್ಲಿಪ್ ಒಂದೊಂದಾಗಿ ತೆಗೀರಿ, ನಾಲ್ಕೈದು ಮುರಿದೇ ಮುರಿಯತ್ತೆ ಅಂತ ಮೊದಲೇ ಹೊಸ ಕ್ಲಿಪ್ ತಂದಿಟ್ಕೊಳ್ಳಿ.

ಕಸ ಎಲ್ಲಾ ಕೈಯಲ್ಲೇ ಎತ್ತಿ ಹೊರಗೆ ಹಾಕಿ, ಡ್ರೈನ್ ಒಳಗೆ ತಳ್ಳಬೇಡಿ. ಡ್ರೈನ್ ತುದೀಲಿ ಬಾತುಕೋಳಿ ಕೊಕ್ಕಿನ ಥರದ ರಬ್ಬರ್ ಇದ್ರೆ ಅದನ್ನ ಕೆಳಗಿಂದ ಹಿಂಡಿದ್ರೆ ಕೆಸರು ಇಳಿಯತ್ತೆ. ಆಮೇಲೆ ಒಂದು ಚೊಂಬು ನೀರು ಸುರಿದು ಕೆಳಗೆ ಬರೋದು ಕಣ್ಣಾರೆ ನೋಡಿ, ಎರಡೂ ಬದಿ. ಖಾಲಿಯಾದ ತೊಟ್ಟೀಲಿ ತಗಡು ಸೇರೋ ಜಾಯಿಂಟ್ ಉದ್ದಕ್ಕೂ ಹಳೇ ಸೀಲರ್ ಬಿರುಕು ಬಿಟ್ಟಿದೆಯಾ, ತುಕ್ಕು ತಿಂದಿದೆಯಾ ನೋಡಿ. ವೈಪರ್ ಮೋಟರ್ ತಂತಿ ಹೋಗೋ ರಬ್ಬರ್ ಗ್ರೋಮೆಟ್ (ತಗಡಿನ ತೂತಿಗೆ ಕೂರೋ ಬಳೆ), ಕ್ಯಾಬಿನ್ ಫಿಲ್ಟರ್ ಡಬ್ಬಿಯ ಅಂಚಿನ ಸೀಲ್, ಇವೆರಡೂ ಹಳೇ ಗಾಡೀಲಿ ಸಾಮಾನ್ಯವಾಗಿ ಸೋರೋ ಜಾಗ. ಪ್ಯಾನೆಲ್ ವಾಪಸ್ ಕೂರಿಸುವಾಗ ಅದರ ಮೇಲಂಚು ಗ್ಲಾಸಿಗೆ ಸಂದಿಲ್ಲದೆ ಅಂಟ್ಕೋಬೇಕು, ಅಲ್ಲಿ ಎದ್ದಿದ್ರೆ ನೀರು ಪ್ಯಾನೆಲ್ ಕೆಳಗಿಂದ ನುಸುಳಿ ಡ್ರೈನ್ ತಪ್ಪಿಸಿಕೊಂಡು ಇಂಜಿನ್ ಕಡೆ ಹೋಗತ್ತೆ.

ಬಾನೆಟ್ ರಬ್ಬರ್ ಮತ್ತೆ ಪ್ಲಗ್ ಗುಂಡಿ

ಬಾನೆಟ್ ಹಿಂದಿನ ರಬ್ಬರ್ ಒತ್ತಿ ಕೂರ್ತಿದೆಯಾ ಅಂತ ನೋಡೋಕೆ ಸುಲಭದ ದಾರಿ: ಉದ್ದನೆ ಪೇಪರ್ ಪಟ್ಟಿ ರಬ್ಬರ್ ಮೇಲಿಟ್ಟು ಬಾನೆಟ್ ಮುಚ್ಚಿ ಎಳೀರಿ, ಬಿಗಿಯಾಗಿ ಬಂದ್ರೆ ಸರಿ, ಸರಕ್ಕನೆ ಬಂದ್ರೆ ಅಲ್ಲಿ ಗ್ಯಾಪ್ ಇದೆ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಪ್ರತಿ ಗೇಣಿಗೊಂದು ಸಲ ಮಾಡಿ. ಹಿಂದೆ ಅಪಘಾತ ಆಗಿ ಬಾನೆಟ್ ಬದಲಿಸಿರೋ ಗಾಡಿ ಆದ್ರೆ ರಬ್ಬರ್ ಹೊಸದಿದ್ರೂ ಬಾನೆಟ್ ಎತ್ತರ ಸರಿ ಇರಲ್ಲ, ಹಿಂಜ್ ಹತ್ರ ಅಡ್ಜಸ್ಟ್ ಮಾಡ್ಬೇಕಾಗತ್ತೆ. ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗಿದ್ರೆ ಬದಲಿಸಿ, ಮೇಲೆ ಸಿಲಿಕೋನ್ ಬಳಿಯೋದು ಒಂದೇ ವಾರದ ಮಾತು.

ಗುಂಡೀಲಿ ನೀರಿದ್ರೆ ಪ್ಲಗ್ ಬಿಚ್ಚಬೇಡಿ! ಬಿಚ್ಚಿದ್ರೆ ಆ ನೀರು, ಜೊತೆಗಿರೋ ತುಕ್ಕು ಮರಳು ಎಲ್ಲಾ ಸಿಲಿಂಡರ್ ಒಳಗೆ ಇಳಿಯತ್ತೆ. ಮೊದಲು ಕಂಪ್ರೆಸರ್ ಗಾಳಿ ಹೊಡೆದು ನೀರು ಹೊರಗೆ ಹಾರಿಸಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಕಂಪ್ರೆಸರ್ ಇಲ್ಲ ಅಂದ್ರೆ ಸಿರಿಂಜಿಗೆ ಉದ್ದನೆ ಸಣ್ಣ ಪೈಪ್ ಸಿಕ್ಕಿಸಿ ಹೀರಿ, ಉಳಿದದ್ದಕ್ಕೆ ಕಡ್ಡಿಗೆ ಬಟ್ಟೆ ಸುತ್ತಿ ಒತ್ತಿ. ಪೂರ್ತಿ ಒಣಗಿದ ಮೇಲೆ, ಇಂಜಿನ್ ತಣ್ಣಗಿದ್ದಾಗ ಪ್ಲಗ್ ಬಿಚ್ಚಿ, ಅಲ್ಯೂಮಿನಿಯಂ ಹೆಡ್ ಬಿಸಿ ಇದ್ದಾಗ ಬಿಚ್ಚಿದ್ರೆ ಥ್ರೆಡ್ ಕಿತ್ತು ಬರಬಹುದು. ತುಕ್ಕು ಹಿಡಿದು ಕಚ್ಚಿದ್ರೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಮಾರನೇ ದಿನ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಮಾಡಿ, ಹಾಗೆ ಹಿಂದೆ ಮುಂದೆ ಆಡಿಸ್ತಾ ತೆಗೀರಿ.

ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಅಥವಾ ಕಾಯಿಲ್ ರಬ್ಬರ್ ಒಳಗೆ ಪೆನ್ಸಿಲ್ಲಲ್ಲಿ ಎಳೆದ ಥರ ಕಪ್ಪು ಗೆರೆ ಇದೆಯಾ ನೋಡಿ. ಇಗ್ನಿಷನ್ ಕಾಯಿಲ್‌ನಿಂದ ಬರೋದು ಸಾವಿರಾರು ವೋಲ್ಟು, ಇಪ್ಪತ್ತು ಸಾವಿರ ದಾಟೋದೂ ಇದೆ, ತೇವ ಸಿಕ್ಕಿದ್ರೆ ಪ್ಲಗ್ ಗ್ಯಾಪ್ ಹಾರೋ ಬದಲು ಮೈ ಮೇಲೆ ಹರಿದು ಅರ್ಥ್ ಆಗತ್ತೆ, ಹಾಗೆ ಹರಿದ ದಾರಿ ಸುಟ್ಟು ಇಂಗಾಲದ ಗೆರೆ ಬೀಳತ್ತೆ. ಆ ಗೆರೆ ಬಿದ್ದ ಮೇಲೆ ಒಣಗಿದ್ರೂ ಕರೆಂಟು ಅದೇ ದಾರಿ ಹಿಡಿಯತ್ತೆ, ಅಂಥ ಪ್ಲಗ್ಗು, ರಬ್ಬರ್ ಬೂಟು ಬದಲಿಸ್ಲೇಬೇಕು. ಗೆರೆ ಇಲ್ಲ ಅಂದ್ರೆ ಒರೆಸಿ, ಬೂಟಿನ ಬಾಯಿ ಒಳಸುತ್ತಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ತೇವ ತಡೆಯೋ ಗ್ರೀಸ್) ಹಚ್ಚಿ ಕೂರಿಸಿ. ಪ್ಲಗ್ ಬಿಗಿ ಎಷ್ಟು ಅನ್ನೋದು ನಿಮ್ಮ ಗಾಡಿ ಮ್ಯಾನುವಲ್ ನೋಡಿ ಟಾರ್ಕ್ ರೆಂಚಲ್ಲಿ ಮಾಡಿ.

ಡಿಸ್ಟ್ರಿಬ್ಯೂಟರ್ ಇರೋ ಇನ್ನೂ ಹಳೇ ಗಾಡಿ

ಕತ್ತಲಲ್ಲಿ ಇಂಜಿನ್ ಓಡಿಸಿ, ಸ್ಪ್ರೇ ಬಾಟ್ಲಲ್ಲಿ ನೀರನ್ನ ಮಂಜಿನ ಥರ ಪ್ಲಗ್ಗಿಗೆ ಹೋಗೋ ಹೈ ಟೆನ್ಷನ್ ವೈರ್ ಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಸ್ವಲ್ಪ ಹೊಡೀರಿ, ಕೈ ದೂರ ಇರಲಿ, ಬಟ್ಟೆ ಫ್ಯಾನಿಗೆ ತಾಗದಿರಲಿ. ಎಲ್ಲಿ ನೀಲಿ ಕಿಡಿ ಹಾರತ್ತೋ ಅಲ್ಲಿ ಇನ್ಸುಲೇಷನ್ ಹೋಗಿದೆ. ಆಫ್ ಮಾಡಿ ಕ್ಯಾಪ್ ತೆಗೆದು ಒಳಗೆ ಬೆವರಿದೆಯಾ, ಸೀಳಿದೆಯಾ, ಟರ್ಮಿನಲ್ ನಡುವೆ ಕಪ್ಪು ಗೆರೆ ಇದೆಯಾ ನೋಡಿ. ವೈರ್ ಒಂದು ಹೋಗಿದ್ರೆ ಸೆಟ್ಟೇ ಬದಲಿಸಿ, ಉಳಿದವೂ ಅಷ್ಟೇ ವಯಸ್ಸಾದವು.

ಫ್ಯೂಸ್ ಬಾಕ್ಸ್, ಇಸಿಯು, ಅರ್ಥಿಂಗ್

ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು ರಿಲೇ ಒಂದೊಂದಾಗಿ ಎಳೆದು ಕಾಲುಗಳನ್ನ ನೋಡಿ, ಹಸಿರು ಕಿಲುಬು ಕಂಡ್ರೆ ನೀರು ಬಂದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್‌ನಿಂದ ತಿಕ್ಕಿ. ಮುಚ್ಚಳದ ರಬ್ಬರ್ ಇದೆಯಾ, ಲಾಕ್ ಮುರಿದಿದೆಯಾ ನೋಡಿ, ಮುಚ್ಚಳ ಸರಿ ಇದ್ರೂ ನೀರು ಬರ್ತಿದ್ರೆ ಅದು ವೈರ್ ಮೇಲೆ ಹರಿದು ಬರ್ತಿದೆ. ಅಂಥ ಕಡೆ ವೈರನ್ನ ಬಾಕ್ಸಿಗೆ ಸೇರೋ ಮುಂಚೆ ಸ್ವಲ್ಪ ಕೆಳಕ್ಕೆ ಬಾಗಿಸಿ ಕಟ್ಟಿ, ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಬೀಳತ್ತೆ. ಇಡೀ ಕನೆಕ್ಟರ್‌ಗೆ ಪಿವಿಸಿ ಟೇಪ್ ಸುತ್ತೋ ಅಭ್ಯಾಸ ತುಂಬಾ ಜನಕ್ಕಿದೆ, ದಯವಿಟ್ಟು ಮಾಡಬೇಡಿ, ಹೊರಗಿನ ನೀರು ತಡೆಯಲ್ಲ, ಒಳಗೆ ಬಂದ ನೀರನ್ನ ಹೊರಗೂ ಬಿಡಲ್ಲ.

ಇಸಿಯು ಒಳಗೆ ನೀರು ಹೋಗಿದೆ ಅನ್ಸಿದ್ರೆ ಬ್ಯಾಟರಿ ಬಿಚ್ಚಿದ ಸ್ಥಿತೀಲೇ ಹೊರಗೆ ತೆಗೀರಿ, ಕರೆಂಟ್ ಇದ್ದಾಗ ತೇವ ಇದ್ರೆ ಗಂಟೆಗಳಲ್ಲೇ ಪಿನ್ ತಿಂದು ಹಾಕತ್ತೆ. ಡಬ್ಬಿ ಬಿಚ್ಚೋಕೆ ಬಂದ್ರೆ ಬೋರ್ಡನ್ನ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತಗಿನ ಬ್ರಷ್‌ನಿಂದ ತೊಳೆದು, ಫ್ಯಾನ್ ಮುಂದೆ ಒಂದೆರಡು ದಿನ ಒಣಗಿಸಿ. ಅಕ್ಕಿ ಡಬ್ಬೀಲಿ ಹೂತಿಡೋದ್ರಿಂದ ಬೋರ್ಡ್ ಮೇಲಿನ ಉಪ್ಪು, ಕಿಲುಬು ಹೋಗಲ್ಲ. ಹೀಟ್ ಗನ್ ಬೇಡ. ಬೋರ್ಡ್ ಮೇಲೆ ತಾಮ್ರದ ಗೆರೆಗಳೇ ಕೊರೆದು ಹೋಗಿದ್ರೆ ಇಸಿಯು ರಿಪೇರಿ ಗೊತ್ತಿರೋರಿಗೆ ಕೊಡಿ.

ಅರ್ಥಿಂಗ್ ಪರೀಕ್ಷೆ ಐದು ನಿಮಿಷದ ಕೆಲಸ. ಮಲ್ಟಿಮೀಟರ್ ಡಿಸಿ ವೋಲ್ಟಲ್ಲಿಟ್ಟು ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಲೋಹಕ್ಕೆ ಒತ್ತಿ, ಇನ್ನೊಬ್ರು ಸೆಲ್ಫ್ ಹೊಡೀಲಿ. 0.2 ವೋಲ್ಟ್ ಒಳಗೆ ಇದ್ರೆ ಚಿಂತೆ ಇಲ್ಲ, 0.5 ದಾಟಿದ್ರೆ ಅರ್ಥ್ ಕೇಬಲ್ಲೋ ಅದರ ಬೋಲ್ಟೋ ತುಕ್ಕು ಹಿಡಿದಿದೆ. ಬಿಚ್ಚಿ, ಮರಳು ಕಾಗದದಲ್ಲಿ ಹೊಳೆಯೋವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಡೆ ಗ್ರೀಸ್ ಹಚ್ಚಿ.

ಕ್ಯಾಬಿನ್ ಒಳಗೆ ಬಂದ ನೀರೂ ಇಂಜಿನ್ ನಿಲ್ಲಿಸತ್ತೆ

ಎಷ್ಟೋ ಗಾಡೀಲಿ ಕಂಟ್ರೋಲ್ ಮಾಡ್ಯೂಲ್‌ಗಳು ಕಾರ್ಪೆಟ್ ಕೆಳಗೆ, ಕಾಲಿನ ಬದಿಯಲ್ಲಿ ಇರತ್ತೆ. ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿದೆ ಅನ್ಸತ್ತೆ, ಕೆಳಗಿನ ಫೋಮ್ ಹಿಂಡಿದ್ರೆ ಲೀಟರ್‌ಗಟ್ಟಲೆ ನೀರು ಬರತ್ತೆ. ಅಂಚಿನ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿ ನೋಡ್ಲೇಬೇಕು, ಫೋಮ್ ಹೊರಗೆ ತೆಗೆದು ಒಣಗಿಸಬೇಕು, ಗಾಡಿ ಒಳಗೇ ಒಣಗತ್ತೆ ಅಂತ ಬಿಟ್ರೆ ವಾರಗಳೇ ಆಗತ್ತೆ.

ಸನ್‌ರೂಫ್ ಇದ್ರೆ ಅದರ ಚೌಕಟ್ಟಿನ ಮೂಲೆಗಳಲ್ಲಿ ಡ್ರೈನ್ ತೂತು ಇರತ್ತೆ, ಪೈಪ್ ಪಿಲ್ಲರ್ ಒಳಗಿಂದ ಇಳಿಯತ್ತೆ. ಒಂದೊಂದಕ್ಕೂ ಅರ್ಧ ಲೋಟ ನೀರು ನಿಧಾನ ಬಿಡಿ, ಕೆಳಗೆ ಬರದೇ ಇದ್ರೆ ದಪ್ಪ ನೈಲಾನ್ ದಾರ ನಿಧಾನ ತೂರಿಸಿ. ಜೋರು ಗಾಳಿ ಹೊಡೆದ್ರೆ ಪಿಲ್ಲರ್ ಒಳಗಿನ ಜಾಯಿಂಟ್ ಕಳಚಿಕೊಳ್ಳತ್ತೆ, ಆಗ ಮೊದಲಿಗಿಂತ ಜಾಸ್ತಿ ಸೋರತ್ತೆ. ಫೈರ್‌ವಾಲ್‌ನಲ್ಲಿ, ಅಂದ್ರೆ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೇಲಿ, ವೈರಿಂಗ್ ತೂರೋ ಗ್ರೋಮೆಟ್‌ಗಳನ್ನೂ ಒತ್ತಿ ನೋಡಿ. ಅಲಾರಂ, ಸ್ಪೀಕರ್, ಫಾಗ್ ಲ್ಯಾಂಪ್ ಅಂತ ಆಮೇಲೆ ಯಾರೋ ತೂತು ಕೊರೆದು ಗ್ರೋಮೆಟ್ ಹಾಕದೆ ಬಿಟ್ಟಿರ್ತಾರೆ, ನೀರಿಗೆ ಅದೇ ರಾಜಮಾರ್ಗ.

ಮುಂದಿನ ಗ್ಲಾಸ್ ಹಿಂದೆ ಯಾವಾಗ್ಲಾದ್ರೂ ಬದಲಿಸಿದ್ರೆ ಅದರ ಅಂಟು ಕೂಡ ಅನುಮಾನದ ಜಾಗ. ಕೂದಲೆಳೆ ಬಿರುಕಾದ್ರೆ ತೆಳ್ಳಗೆ ಹರಿಯೋ ಥರದ ಸಿಲಿಕೋನ್ ಒಳಗಿಳಿದು ಮುಚ್ಚತ್ತೆ, ಚೌಕಟ್ಟೇ ತುಕ್ಕು ಹಿಡಿದಿದ್ರೆ ಗ್ಲಾಸ್ ತೆಗೆಸಿ ಕೆಲಸ ಮಾಡಿಸೋದೇ ಸರಿ.

ಯಾವ ಸೀಲಂಟ್

ವಿನಿಗರ್ ವಾಸನೆ ಬರೋ ಸಿಲಿಕೋನ್ ಕಾರಿನ ತಗಡಿಗೆ ಹಾಕಲೇಬೇಡಿ, ಅದು ಗಟ್ಟಿಯಾಗುವಾಗ ಆಮ್ಲ ಬಿಡತ್ತೆ, ಕೆಳಗೆ ತುಕ್ಕು ಶುರುವಾಗತ್ತೆ. ತಗಡಿನ ಜಾಯಿಂಟಿಗೆ ಬಾಡಿ ಕೆಲಸದವರು ಬಳಸೋ ಸೀಮ್ ಸೀಲರ್, ಗ್ಲಾಸ್ ಕೂರಿಸೋಕೆ ಯುರೆಥೇನ್. ಹಳೇದನ್ನ ಕೆರೆದು, ತುಕ್ಕಿದ್ರೆ ತೆಗೆದು ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೇ ಹಾಕಿ. ಮತ್ತೆ ಒಂದು ಮಾತು, ನೀರು ಹೋಗೋಕೆ ಅಂತಲೇ ಇರೋ ತೂತನ್ನ ಸೋರೋ ತೂತು ಅಂದ್ಕೊಂಡು ಮುಚ್ಚಬೇಡಿ. ಬಾಗಿಲ ಕೆಳಗೆ, ಏರ್ ಫಿಲ್ಟರ್ ಡಬ್ಬಿ ತಳದಲ್ಲಿ, ಪೆಟ್ರೋಲ್ ಮುಚ್ಚಳದ ಬಟ್ಟಲಲ್ಲಿ ಅಂಥ ತೂತು ಇರತ್ತೆ.

ಪೆಟ್ರೋಲ್ ಮುಚ್ಚಳದ ಬಟ್ಟಲು ಅಂದೆ, ಅದನ್ನ ಮರೆಯೋರೇ ಜಾಸ್ತಿ. ಆ ಸಣ್ಣ ಡ್ರೈನ್ ಕಟ್ಟಿ, ಕ್ಯಾಪಿನ ರಬ್ಬರ್ ಸೀಳಿದ್ರೆ ಮಳೆ ನೀರು ನೇರ ಟ್ಯಾಂಕಿಗೆ. ಎಥನಾಲ್ ಬೆರೆಸಿದ ಪೆಟ್ರೋಲ್ ಸ್ವಲ್ಪ ನೀರು ಹೀರ್ಕೊಳ್ಳತ್ತೆ, ಮಿತಿ ಮೀರಿದ್ರೆ ಎಥನಾಲೂ ನೀರೂ ಸೇರಿ ತಳಕ್ಕೆ ಇಳಿಯತ್ತೆ, ಪಂಪು ಎಳೆಯೋದು ಆ ತಳದಿಂದಲೇ. ಇಗ್ನಿಷನ್ ಎಲ್ಲಾ ಸರಿ ಇದ್ದೂ ಮಳೆ ಆದ ಮೇಲೆ ಗಾಡಿ ಎಳೆಯಲ್ಲ ಅಂದ್ರೆ ಸ್ವಲ್ಪ ಇಂಧನ ಗಾಜಿನ ಬಾಟ್ಲಿಗೆ ತೆಗೆದು ಒಂದು ಗಂಟೆ ಅಲ್ಲಾಡಿಸದೆ ಇಡಿ, ಬೆಂಕಿಯಿಂದ ದೂರ, ಕೆಳಗೆ ಬೇರೆ ಪದರ ಕಂಡ್ರೆ ಟ್ಯಾಂಕ್ ಖಾಲಿ ಮಾಡಿಸಿ ಫಿಲ್ಟರ್ ಬದಲಿಸಿ. ಡೀಸೆಲ್ ಗಾಡಿ ಆದ್ರೆ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸಿ.

ಕೆಲಸ ಆದ ಮೇಲೆ

ಎಲ್ಲಾ ಜೋಡಿಸಿ, ಸೀಲಂಟ್ ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮೊದಲು ಮಾಡಿದ ಅದೇ ಪೈಪ್ ಪರೀಕ್ಷೆ ಮತ್ತೆ ಮಾಡಿ, ಹೊಸ ನ್ಯೂಸ್‌ಪೇಪರ್ ಹಾಸಿ. ಪೇಪರ್ ಒಣಗಿದ್ರೆ ಸ್ಕ್ಯಾನರ್‌ನಲ್ಲಿ ಹಳೇ ಕೋಡ್ ಅಳಿಸಿ ಓಡಿಸಿ. ಮುಂದಿನ ಜೋರು ಮಳೆ ಆದ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಮೊದಲು ನೆಂದಿದ್ದ ಅದೇ ಸಿಲಿಂಡರ್ ಕಾಯಿಲ್ ಎತ್ತಿ ಟಾರ್ಚ್ ಬಿಟ್ಟು ನೋಡಿ, ಕಾರ್ಪೆಟ್ ಕೆಳಗೂ ಕೈ ಹಾಕಿ ನೋಡಿ. ಎರಡು ಮೂರು ಮಳೆಗೆ ಹೀಗೆ ನೋಡಿ ಒಣಗಿದೆ ಅಂತ ಆದ್ಮೇಲೇ ಪ್ಲಾಸ್ಟಿಕ್ ಇಂಜಿನ್ ಕವರ್ ವಾಪಸ್ ಹಾಕಿ, ಯಾಕಂದ್ರೆ ಅದು ಮುಚ್ಚಿದ್ರೆ ಕೆಳಗೆ ನೀರು ನಿಂತಿರೋದು ಯಾರಿಗೂ ಕಾಣಲ್ಲ.